ಹೊಂಗೆ ಮರ ಬೇಸಿಗೆಗೆ ಮೊದಲು ಎಲೆ ಉದುರಿಸುವುದೇಕೆ?

ಬೆಟ್ಟಗಳಿಂದ ಇನ್ನೂ ಹಸಿಮಣ್ಣಿನ ವಾಸನೆ ಬರುತ್ತಿದ್ದ ಕಾಲ ಅದು. ಸೂರ್ಯನಿಗೂ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಸಿಕ್ಕವರನ್ನು ಕೇಳಿಕೊಂಡು, ತಡವರಿಸಿಕೊಂಡು ಪಡುವಣಕ್ಕೆ ಹೋಗುತ್ತಿದ್ದ.

ಆಗ ಯಾವ ಮರದ ಎಲೆಯೂ ಉದುರುತ್ತಿರಲಿಲ್ಲ. ಒಮ್ಮೆ ಚಿಗುರಿದ ಎಲೆ ಹಳತಾಗಿ, ದಪ್ಪಗಾಗಿ, ದೂಳು ಮೆತ್ತಿಕೊಂಡು ಕೊಂಬೆಯಲ್ಲೇ ಕೂತಿರುತ್ತಿತ್ತು.

ಒಂದು ಕೆಂಪುಮಣ್ಣಿನ ದಿಬ್ಬದ ಮೇಲೆ ಕೆಂಚಮ್ಮ ಅನ್ನುವ ಹೆಂಗಸು ತನ್ನ ಮಗಳು ಸಣ್ಣೀರಿಯ ಜೊತೆ ಇದ್ದಳು. ಗುಡಿಸಲ ಮುಂದೆ ಒಂದು ಹೊಂಗೆ ಮರ. ಹಿಂದೆ ಒಂದು ಹೀರೆಬಳ್ಳಿ. ದಿಬ್ಬದ ಕೆಳಗೆ ನೀರಿನ ಒರತೆ.

ಇಡೀ ಭೂಮಿಯ ಮೇಲೆ ಆಗ ಇದ್ದದ್ದು ಅದೊಂದೇ ಹೀರೆಬಳ್ಳಿ. ಅದರಲ್ಲಿ ಬಿಟ್ಟಿದ್ದದ್ದು ಒಂದೇ ಕಾಯಿ, ಕಿರುಬೆರಳಿನಷ್ಟು. ಅದು ಬಲಿತು ಬೀಜವಾಗುವ ಮೊದಲೇ ಬಳ್ಳಿ ಒಣಗಿದರೆ, ಹೀರೆಕಾಯಿ ಅನ್ನುವುದೇ ಮುಂದೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬಿಸಿಲು ಏರಿತು. ದಿನಕ್ಕೆ ಮೂರು ಕೊಡ ನೀರು ಕೊಡುತ್ತಿದ್ದ ಒರತೆ ಎರಡು ಕೊಡಕ್ಕೆ ಇಳಿಯಿತು. ಆಮೇಲೆ ಒಂದೇ ಕೊಡ. ಅಡುಗೆಗೂ ಅದೇ, ಕುಡಿಯುವುದಕ್ಕೂ ಅದೇ, ಬಳ್ಳಿಗೂ ಅದೇ.

"ಅವ್ವಾ, ಬೆಳಗ್ಗೆ ಬಳ್ಳಿಗೆ ಹುಯ್ದ ನೀರು ಎಲ್ಲಿಗೆ ಹೋಯ್ತು?" ಎಂದು ಸಣ್ಣೀರಿ ಕೇಳಿದಳು.

"ಬಳ್ಳಿ ಕುಡೀತು ಕಣೆ."

"ಕುಡಿದಿದ್ದರೆ ಎಲೆ ಯಾಕೆ ಜೋತುಬಿದ್ದಿದೆ?"

ಕೆಂಚಮ್ಮ ಬಗ್ಗಿ ನೋಡಿದಳು. ಅವಳಿಗೂ ತಿಳಿಯಲಿಲ್ಲ. "ನೀನೇ ಹೋಗಿ ಕೇಳು" ಅಂದಳು.

ಸಣ್ಣೀರಿ ಬಳ್ಳಿಯನ್ನು ಕೇಳಿದಳು. ಬಳ್ಳಿ ಸಣ್ಣ ದನಿಯಲ್ಲಿ ಹೇಳಿತು: "ನನ್ನ ಬಾಯಿ ಇರೋದು ಬೇರಲ್ಲಿ. ನೀನು ಎಲೆ ಮೇಲೆ ಹುಯ್ತೀಯ. ಮುಖ ತೊಳೆದ ಹಾಗಾಗುತ್ತೆ, ಕುಡಿದ ಹಾಗಾಗಲ್ಲ."

ಮರುದಿನ ಸಣ್ಣೀರಿ ಬುಡಕ್ಕೇ ಹುಯ್ದಳು, ಸಣ್ಣಗೆ, ಚೆಲ್ಲದ ಹಾಗೆ. ಬಳ್ಳಿ ಸ್ವಲ್ಪ ತಲೆ ಎತ್ತಿತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಜೋತುಬಿತ್ತು. ಮಣ್ಣು ಬಿರುಕು ಬಿಟ್ಟಿತ್ತು.

"ಮಣ್ಣೇ, ಮಣ್ಣೇ, ನೀರೆಲ್ಲಿ?"

"ನನ್ನ ಹತ್ತಿರಾನೇ ಇತ್ತು. ಮೇಲಿಂದ ಯಾರೋ ಎತ್ತಿಕೊಂಡು ಹೋದರು."

ಸಣ್ಣೀರಿ ಮೇಲೆ ನೋಡಿದಳು. ಸೂರ್ಯ ನೆತ್ತಿಯ ಮೇಲೆ ನಿಂತಿದ್ದ.

"ನೀನೇನಾ ಕುಡಿದದ್ದು?"

ಸೂರ್ಯ ಸುಳ್ಳು ಹೇಳಲಿಲ್ಲ. "ನಾನೇ. ಇಲ್ಲಿಗೆ ಬರೋ ಹೊತ್ತಿಗೆ ಅರ್ಧ ದಾರಿ ನಡೆದಿರ್ತೀನಿ, ಬಾಯಾರುತ್ತೆ. ತೆರೆದಿಟ್ಟ ನೀರು ಕಂಡರೆ ಕುಡೀತೀನಿ. ಬೇಡ ಅಂತ ಯಾರೂ ಹೇಳಿರಲಿಲ್ಲ."

"ಈಗ ನಾನು ಹೇಳ್ತಿದ್ದೀನಿ. ಬೇಡ."

"ಕಣ್ಣಿಗೆ ಕಂಡರೆ ನನಗೆ ತಡೆಯೋಕಾಗಲ್ಲ ಮಗಳೇ. ಕಾಣದ ಹಾಗೆ ಇಟ್ಟುಕೋ" ಅಂದ ಸೂರ್ಯ.

ಅಂದಿನಿಂದ ಅವಳು ಸೂರ್ಯ ಮುಳುಗಿದ ಮೇಲೆಯೇ ನೀರು ಹುಯ್ದಳು. ಬೆಳಗಾಗುವ ತನಕ ನೀರು ನಿಂತಿತು. ಆದರೆ ಸೂರ್ಯ ಏರಿದ ಹಾಗೆ ಮತ್ತೆ ಹಾರಿಹೋಯಿತು. ಕಾಣದ ಹಾಗೆ ಇಡುವುದು ಹೇಗೆ?

ಒಂದು ದಿನ ಕೆಂಚಮ್ಮ ರಾಗಿ ಕೇರಿ, ಮೊರವನ್ನು ಬಳ್ಳಿಯ ಬುಡದ ಹತ್ತಿರ ಬೋರಲು ಹಾಕಿ ಮರೆತಳು. ಮಧ್ಯಾಹ್ನ ಸಣ್ಣೀರಿ ಅದನ್ನೆತ್ತಿದಳು. ಅಡಿಯ ಮಣ್ಣು ಕಪ್ಪಗೆ, ತಣ್ಣಗೆ, ಒದ್ದೆಯಾಗಿತ್ತು!

"ಮುಚ್ಚಳ ಹಾಕು, ಮುಚ್ಚಳ ಹಾಕು!" ಎಂದು ಒಂದು ಎರೆಹುಳ ಕೂಗಿಕೊಂಡಿತು.

"ಅವ್ವಾ, ಬಳ್ಳಿಗೆ ಹೊದಿಕೆ ಬೇಕು!"

"ಇರೋದು ಒಂದೇ ಮೊರ. ಅದನ್ನೇ ಹೊದಿಸಿದರೆ ನಾಳೆ ಯಾವುದರಲ್ಲಿ ಕೇರಲಿ?"

ಸಣ್ಣೀರಿ ಸುತ್ತ ನೋಡಿದಳು. ಹೊಂಗೆ ಮರದ ತುಂಬ ಸಾವಿರ ಸಾವಿರ ಎಲೆ. ಅದರ ಕೆಳಗೆ ಹೋಗಿ ನಿಂತಳು. "ಹೊಂಗಮ್ಮಾ, ಒಂದಷ್ಟು ಎಲೆ ಕೊಡ್ತೀಯಾ?"

ಮರ ಕೊಂಬೆಗಳನ್ನು ಹತ್ತಿರಕ್ಕೆ ಎಳೆದುಕೊಂಡಿತು. "ಇವು ನನ್ನ ಮಕ್ಕಳು. ಯಾರಾದರೂ ಮಕ್ಕಳನ್ನು ಕೊಡ್ತಾರಾ?"

ಸಣ್ಣೀರಿ ತಲೆ ತಗ್ಗಿಸಿದಳು. ಕಣ್ಣು ತುಂಬಿತು. ತಿರುಗಿ ಹೊರಟಳು.

"ನಿಲ್ಲು ಮಗು" ಅಂತ ಮೇಲಿಂದ ಒಂದು ದನಿ. ಮರದ ಎಲ್ಲಕ್ಕಿಂತ ಹಳೆಯ ಎಲೆ ಅದು. "ಅಮ್ಮಾ, ನಾವು ಇಷ್ಟೊಂದು ಎಲೆಗಳು ದಿನವೆಲ್ಲಾ ನಿನ್ನ ಹತ್ತಿರ ನೀರು ಕೇಳ್ತೀವಿ. ನಿನ್ನ ಬೇರಿಗಾದರೂ ಎಲ್ಲಿದೆ ನೀರು? ನಿನ್ನೆ ಒಂದು ಕೊಂಬೆ ಒಣಗಿದ್ದನ್ನು ನೀನು ಹೇಳಲಿಲ್ಲ. ನಾನು ನೋಡಿದೆ."

ಮರ ಎಳೆದುಕೊಂಡಿದ್ದ ಕೊಂಬೆಗಳನ್ನು ಮೆಲ್ಲಗೆ ಸಡಿಲಿಸಿತು.

"ನಾನು ಇಳೀತೀನಿ" ಅಂದಿತು ಹಳೆಯ ಎಲೆ. "ಹೋಗುವಾಗ ಬರಿಗೈಯಲ್ಲೇ ಹೋಗ್ತೀನಿ. ನನ್ನಲ್ಲಿರೋ ನೀರು, ನನ್ನ ಹಸಿರು, ಎಲ್ಲಾ ನಿನಗೇ ಇರಲಿ."

ಎಲೆ ತೊಟ್ಟಿನ ಮೂಲಕ ತನ್ನ ಹಸಿರನ್ನು ಮರಕ್ಕೆ ಮರಳಿಸಿತು. ಕೊಡುತ್ತಾ ಕೊಡುತ್ತಾ ಹಳದಿಯಾಯಿತು. ಹಗುರವಾಯಿತು. ಆದರೆ ಅದುವರೆಗೆ ಜಗತ್ತಿನಲ್ಲಿ ಯಾವ ಎಲೆಯೂ ಉದುರಿರಲಿಲ್ಲವಲ್ಲ? ಅದಕ್ಕೆ ಭಯವಾಯಿತು.

"ಗಾಳಿಯಣ್ಣಾ, ಬೀಳೋದು ಹೇಗೆ?"

"ನೀನು ಕೈ ಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದಿತು ಗಾಳಿ.

ಎಲೆ ಕೈ ಬಿಟ್ಟಿತು. ಆ ಕಡೆಗೊಂದು ಸಲ, ಈ ಕಡೆಗೊಂದು ಸಲ ತೂಗಿ, ಮೆಲ್ಲಗೆ ಬಂದು ಸಣ್ಣೀರಿಯ ಅಂಗೈ ಮೇಲೆ ಕೂತಿತು. ಅದನ್ನು ನೋಡಿ ಇನ್ನೊಂದು ಎಲೆ ಹಳದಿಯಾಯಿತು. ಆಮೇಲೆ ಮತ್ತೊಂದು. ಸಂಜೆಯ ಹೊತ್ತಿಗೆ ಅಂಗಳ ಪೂರ್ತಿ ಎಲೆ.

ಕೆಂಚಮ್ಮ ಪೊರಕೆ ಹಿಡಿದು ಬಂದಳು. "ಇದೇನೇ ಇಷ್ಟು ಕಸ!"

"ಕಸ ಅಲ್ಲವ್ವಾ, ಹೊದಿಕೆ!"

ಇಬ್ಬರೂ ಸೇರಿ ಅರ್ಧ ಎಲೆಯನ್ನು ಬಳ್ಳಿಯ ಬುಡಕ್ಕೆ ಹೊದಿಸಿದರು. ಉಳಿದರ್ಧ ಮರದ ಬುಡದಲ್ಲೇ ಇತ್ತು. ಕೆಂಚಮ್ಮ ಒಂದು ಗಳಿಗೆ ಬೋಳು ಕೊಂಬೆಗಳನ್ನೇ ನೋಡುತ್ತಾ ನಿಂತಳು. ಒಳಗೆ ಹೋಗಿ, ದಿನಾ ಆಚೆ ಚೆಲ್ಲುತ್ತಿದ್ದ ಅಕ್ಕಿ ತೊಳೆದ ನೀರನ್ನು ತಂದು ಮರದ ಬುಡಕ್ಕೆ ಹುಯ್ದಳು. "ಇನ್ನು ಮೇಲೆ ಇದು ನಿನ್ನದು ಕಣವ್ವ" ಅಂದಳು.

ಮರುದಿನ ಮಧ್ಯಾಹ್ನ ಸೂರ್ಯ ಬಗ್ಗಿ ಹುಡುಕಿದ. "ನೀರೆಲ್ಲಿ?"

"ಕಾಣ್ತಿಲ್ವಾ?" ಅಂದಳು ಸಣ್ಣೀರಿ.

"ಇಲ್ಲ."

"ಹಾಗಾದರೆ ಹೋಗಿ ಬಾ."

ಸೂರ್ಯ ನಕ್ಕು ಮುಂದೆ ಹೋದ.

ಅದೇ ಒಂದು ಕೊಡದಲ್ಲಿ ಎಲ್ಲವೂ ಸಾಗಿತು. ಹೀರೆಕಾಯಿ ಮೊಳದುದ್ದ ಬೆಳೆದು, ಬಲಿತು, ಒಣಗಿತು. ಸಣ್ಣೀರಿ ಅದನ್ನು ಅಲ್ಲಾಡಿಸಿದಾಗ ಒಳಗಿಂದ ಗಲಗಲ ಬೀಜದ ಸದ್ದು. ಆ ಬೀಜಗಳನ್ನು ಅವಳು ಕಂಡವರಿಗೆಲ್ಲ ಹಂಚಿದಳು.

ಇತ್ತ ಹೊಂಗೆ ಮರ ಒಂದು ಮುಂಜಾನೆ ಎದ್ದು ನೋಡಿಕೊಂಡರೆ ಮೈತುಂಬ ಕಚಗುಳಿ. ಕೊಂಬೆ ಕೊಂಬೆಯಲ್ಲೂ ಎಳೆ ಚಿಗುರು ಇಣುಕುತ್ತಿತ್ತು. ಹಳೆಯ ಎಲೆಗಳು ಕೊಟ್ಟುಹೋದ ಹಸಿರು ಸುಮ್ಮನೆ ಕೂತಿರಲಿಲ್ಲ. ಮರ ಅಂದು ಅತ್ತಿತೋ ನಕ್ಕಿತೋ ಯಾರಿಗೂ ಗೊತ್ತಿಲ್ಲ. ಆದರೆ ಮುಂದೆ ಬೇಸಿಗೆ ಬರುವ ಮೊದಲೇ ಏನು ಮಾಡಬೇಕೆಂದು ಅದಕ್ಕೆ ಗೊತ್ತಾಯಿತು. ಬೇರೆ ಮರಗಳೂ ಅದನ್ನು ನೋಡಿ ಕಲಿತವು.

ಅದಕ್ಕೇ ಕಣೋ ಮರಿ, ಶಿವರಾತ್ರಿಯ ಆಸುಪಾಸಿನಲ್ಲಿ ನಮ್ಮ ರಸ್ತೆಯ ಹೊಂಗೆ ಮರ ಹಳದಿಯಾಗಿ ಎಲೆ ಉದುರಿಸುವುದು, ಮತ್ತು ಆ ಒಣಗಿದ ಎಲೆಯ ರಾಶಿಯೊಳಗೆ ನೀನು ಕೈ ಹಾಕಿದರೆ ಸುಡುವ ಬಿಸಿಲಿನಲ್ಲೂ ಮಣ್ಣು ತಣ್ಣಗೆ ಬೆರಳಿಗೆ ತಾಗುವುದು.