ನೆತ್ತರನಾಯಿ ಬಂಡೆ

ಕಾರೇಮರಡಿ ಕೋಟೆ ಹತ್ತುವವರಿಗೆ ಮೊದಲು ಕಾಣುವುದು ಗುಡ್ಡದ ಬುಡದ ನೆತ್ತರನಾಯಿ ಬಂಡೆ. ರಕ್ತ ಕುಡಿಯುವ ನಾಯಿ ಇಲ್ಲಿತ್ತಂತೆ ಎಂದು ಬಂದವರಿಗೆಲ್ಲ ಊದುವ ಬಾಯಿಬಡುಕರಿಗೆ ನಮ್ಮೂರಲ್ಲಿ ಬರವಿಲ್ಲ. ಶುದ್ಧ ಸುಳ್ಳು. ಬೇಟೆಯವರ ಮಾತಿನಲ್ಲಿ ನೆತ್ತರನಾಯಿ ಎಂದರೆ ಗಾಯಗೊಂಡು ಓಡಿದ ಮಿಕದ ನೆತ್ತರಿನ ವಾಸನೆ ಹಿಡಿದು ಹೋಗುವ ನಾಯಿ. ಅದು ಕಚ್ಚುವುದಿಲ್ಲ, ಮಿಕ ಸಿಕ್ಕಲ್ಲಿ ಎದುರಿಗೆ ಕೂತುಬಿಡುತ್ತದೆ. ಸಾಕಿದವನು ಅಲ್ಲಿಯೇ ಈಲಿಯ, ಎಂದರೆ ಯಕೃತ್ತಿನ, ತುಂಡೊಂದನ್ನು ತಿನ್ನಿಸಿದ ಮೇಲೆಯೇ ಏಳುತ್ತದೆ. ತಪ್ಪು ಜಾಗದಲ್ಲಿ ಒಮ್ಮೆ ತಿನ್ನಿಸಿದರೂ ಆ ನಾಯಿ ಕೆಟ್ಟಿತು, ಮತ್ತೆ ಜಾಡಿಗೆ ಬಾರದು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಕೋಟೆಯನ್ನು ಕೊಂಡಪ್ಪನಾಯಕನೆಂಬ ಪಾಳೇಗಾರ ಆಳುತ್ತಿದ್ದ. ಒಂದು ಮುಂಜಾನೆ ಕುದುರೆಲಾಯದ ಕಾವಲುಗಾರ ಇರಿತದಿಂದ ಸತ್ತುಬಿದ್ದಿದ್ದ. ಇರಿದವನಿಗೂ ಗಾಯವಾಗಿ, ಅವನು ಓಡಿದ ದಾರಿಯಲ್ಲಿ ನೆತ್ತರು ತೊಟ್ಟಿಕ್ಕಿತ್ತು. ಮೊಣಕೈಗೆ ಗಾಯವಿತ್ತೆಂಬ ಒಂದೇ ಕಾರಣಕ್ಕೆ ಸಣ್ಣೋಬನೆಂಬ ಬೇಟೆಗಾರನನ್ನು ಎಳೆತಂದು ಅಂಗಳದಲ್ಲಿ ಕಟ್ಟಿದರು. ಸಂಜೆಗೆ ತಲೆ ತೆಗೆಯುವುದೆಂದು ತೀರ್ಮಾನವೂ ಆಯಿತು. ಊರ ಬಾಯಿ ಮುಚ್ಚಿಸಲು ನಾಯಕ ನೆತ್ತರನಾಯಿಯನ್ನು ತರಿಸಿದ. ಅದನ್ನು ಸಾಕಿದ್ದ ಬೋಸಯ್ಯನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ತನ್ನ ತಂಗಿಗೆ ವೀಳ್ಯ ಕೊಟ್ಟು ಮಾತು ಮುರಿದವನು ಈ ಸಣ್ಣೋಬ. ಅವನ ಹೆಣ ನೋಡಬೇಕೆಂದು ಬೋಸಯ್ಯ ಮೂರು ವರ್ಷದಿಂದ ಹಲ್ಲು ಕಡಿಯುತ್ತಿದ್ದ. ನಾಯಿ ನೆಲ ಮೂಸುತ್ತ ಬಂತು. ಸಣ್ಣೋಬನ ಕಡೆ ತಿರುಗಿಯೂ ನೋಡದೆ ದಾಟಿ, ನಾಯಕನ ಪಕ್ಕದಲ್ಲಿ ಶಾಲು ಹೊದ್ದು ನಿಂತಿದ್ದ ಅವನ ಮಗನ ಎದುರು ಹೋಗಿ ಕೂತಿತು.

“ನಾಯಿಗೆ ಹುಚ್ಚು ಹಿಡಿದಿದೆ. ಎಳೆದುಕೊಂಡು ಹೋಗಿ ಸಣ್ಣೋಬನ ಮುಂದೆ ತಿನ್ನಿಸು” ಎಂದ ನಾಯಕ. ಬೋಸಯ್ಯ ಚೀಲಕ್ಕೆ ಕೈ ಹಾಕಿದ. ಹಾಗೆ ಮಾಡಿದ್ದರೆ ಹಗೆಯೂ ತೀರುತ್ತಿತ್ತು, ತನ್ನ ಜೀವಕ್ಕೂ ಭಯವಿರುತ್ತಿರಲಿಲ್ಲ. ಎಂಟು ವರ್ಷ ಮಗುವಿನಂತೆ ತಿದ್ದಿದ ನಾಯಿ ಮಾತ್ರ ಹಾಳಾಗುತ್ತಿತ್ತು. “ಈ ಹಾಳಾದವನು ಸತ್ತರೆ ನನಗೆ ಹಬ್ಬ, ದೊರೆ. ಆದರೆ ನನ್ನ ನಾಯಿಗೆ ಸುಳ್ಳು ತಿನ್ನಿಸಲಾರೆ” ಎಂದವನೇ ಈಲಿಯ ತುಂಡನ್ನು ನಾಯಕನ ಮಗನ ಕಾಲ ಬಳಿಯೇ ಕೊಟ್ಟುಬಿಟ್ಟ.

ಊರೆಲ್ಲ ಕಂಡ ಮೇಲೆ ಸಣ್ಣೋಬನನ್ನು ಬಿಡದೆ ವಿಧಿಯಿರಲಿಲ್ಲ. ನಾಯಕನ ಮಗನಿಗೆ ಏನೂ ಆಗಲಿಲ್ಲ. ಆಳುವವರ ಮಕ್ಕಳಿಗೆ ಎಂದಾದರೂ ಏನಾದರೂ ಆದದ್ದುಂಟೆ? ತುಂಡು ಕೊಟ್ಟ ಬೋಸಯ್ಯನ ಬಲಗೈಯನ್ನು ಮಣಿಕಟ್ಟಿಗೆ ಕಡಿಸಿ ಕೋಟೆಯಿಂದ ಹೊರದಬ್ಬಿದರು, ನಾಯಿಯನ್ನು ಒಳಗೇ ಕಟ್ಟಿಹಾಕಿದರು. ಅದು ಹಗ್ಗ ಕಡಿದುಕೊಂಡು, ಮೆಟ್ಟಿಲ ಮೇಲೆ ಬಿದ್ದ ಒಡೆಯನ ನೆತ್ತರಿನ ಜಾಡು ಹಿಡಿದು ಇಳಿದು, ಬಂಡೆಗೆ ಒರಗಿದ್ದ ಅವನ ಎದುರು ಬಂದು ಕೂತಿತು. ಕೂತದ್ದು ಏಳಲಿಲ್ಲ. ಚೀಲದಲ್ಲಿ ಇನ್ನೊಂದು ತುಂಡಿತ್ತು. ಆದರೆ ಬೋಸಯ್ಯನ ಎಡಗೈ ಗಾಯವನ್ನು ಬಿಗಿಹಿಡಿದಿತ್ತು. ಬಿಟ್ಟರೆ ಪ್ರಾಣ ಹೋಗುತ್ತಿತ್ತು. ಅಷ್ಟರಲ್ಲಿ ಅದೇ ದಾರಿಯಲ್ಲಿ ಸಣ್ಣೋಬ ಇಳಿದು ಬಂದ. ಬೋಸಯ್ಯ ಮುಖ ಅತ್ತ ತಿರುಗಿಸಿದ. ಸಣ್ಣೋಬನೂ ಬೇಟೆಯವನೇ, ಹೇಳಿಕೊಡಬೇಕಾಗಿರಲಿಲ್ಲ. ಬೋಸಯ್ಯನ ಚೀಲದಿಂದ ತುಂಡು ತೆಗೆದು ಮೊದಲು ನಾಯಿಯ ಬಾಯಿಗಿಟ್ಟ, ಆಮೇಲೆ ತನ್ನ ರುಮಾಲು ಹರಿದು ಗಾಯಕ್ಕೆ ಕಟ್ಟಿ ಹೊರಟುಹೋದ. ಸಾಯುವವರೆಗೂ ಇಬ್ಬರೂ ಮಾತಾಡಲಿಲ್ಲ ಎನ್ನುತ್ತಾರೆ.

ಬಂಡೆಯ ಮೇಲೆ ಯಾರೋ ಕೊರೆದದ್ದನ್ನು ಈಗಲೂ ಹೋಗಿ ನೋಡಬಹುದು. ನಡುವೆ ಕೂತ ನಾಯಿ, ಅದರ ಎರಡು ಬದಿಗೆ ಇಬ್ಬರು ಗಂಡಸರು. ಒಬ್ಬನಿಗೆ ಬಲಗೈ ಇಲ್ಲ. ಇನ್ನೊಬ್ಬನ ಬಲಗೈ ನಾಯಿಯ ಬಾಯಿಯ ಹತ್ತಿರವಿದೆ. ಮುಖಗಳು ಮಾತ್ರ ಒಂದು ಅತ್ತ, ಒಂದು ಇತ್ತ.