ಹೊಳೆಯಾಚೆಯವರು ಕೇಳಿದ ಸುದ್ದಿ

ಶಿಷ್ಯನೊಬ್ಬ ಗುರುಗಳ ಮುಂದೆ ನಿಂತು ಕೇಳಿದ: “ಬುದ್ಧೀ, ಯಾರೂ ಹೋಗದ ದೂರದ ಮೂಲೆಗೆ ಹೋಗಬೇಕೆಂಬ ಆಸೆ ತಪ್ಪೇ?”

ಆಗಲೇ ಅವನ ಹೆಗಲಿಗೆ ಜೋಳಿಗೆ ಏರಿತ್ತು. ಬೆಟ್ಟಸಾಲಿನಾಚೆ, ದಾರಿಯೇ ಮುಗಿದುಹೋಗುವ ಕಡೆ ಒಂದು ಊರಿದೆಯಂತೆ. ಅಲ್ಲಿಗೆ ಹೋಗಿಯೇ ತೀರುವುದೆಂದು ಅವನು ನಿಶ್ಚಯಿಸಿದ್ದ. ಮಠದಲ್ಲಿ ಇನ್ನು ನೋಡುವಂಥದ್ದು ಏನೂ ಉಳಿದಿಲ್ಲ ಎಂದೂ ಹೇಳಿದ.

ಗುರುಗಳು ನಕ್ಕರು. ಅಪ್ಪಣೆ ಕೇಳುವವನು ಜೋಳಿಗೆ ಕೆಳಗಿಟ್ಟು ಕೇಳಬೇಕು, ಹೆಗಲಿಗೇರಿಸಿಕೊಂಡು ಬಂದರೆ ಅದು ಅಪ್ಪಣೆ ಕೇಳಿದಂತಲ್ಲ, ಸಮಾಚಾರ ತಿಳಿಸಿದಂತೆ ಎಂದರು. ಶಿಷ್ಯ ಕುಳಿತ, ಜೋಳಿಗೆ ಇಳಿಸಲಿಲ್ಲ. ಗುರುಗಳು ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿಯಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಇಲ್ಲಿಂದಾಚೆ ಏನೂ ಇಲ್ಲ ಎಂದು ಯಾರಾದರೂ ಅಂದರೆ ಸಾಕು, ಅದನ್ನು ನೋಡಿಯೇ ಬರಬೇಕು ಅವನಿಗೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಹೆಂಡತಿ ಹಂಗಿಸುತ್ತಿದ್ದಳು. ಹತ್ತಿರ ಹೋಗಿ ಮುಟ್ಟಿ ಬರುತ್ತೇನೆ, ಒರಟಾಗಿದ್ದರೆ ಒರಟೆಂದೇ ಹೇಳುತ್ತೇನೆ ಎಂದು ಅವನು ಹೊರಟುಬಿಡುತ್ತಿದ್ದ. ಅವನನ್ನು ಹಳಿಯಬೇಡ ಎಂದರು ಗುರುಗಳು. ಗೊತ್ತಿಲ್ಲದ ದಾರಿಯಲ್ಲಿ ಒಬ್ಬನೇ ನಡೆಯುವ ಸುಖ ಸಣ್ಣದಲ್ಲ, ಅದು ತಮಗೂ ಗೊತ್ತು ಎಂದರು.

ದೊಡ್ಡ ಹೊಳೆಯಲ್ಲಿ ಒಂದು ನಡುಗಡ್ಡೆಯಿದೆ, ಅಲ್ಲಿಗೆ ಹೊರಗಿನವರು ಹೋಗುವುದಿಲ್ಲ ಎಂಬ ಮಾತು ಒಮ್ಮೆ ವ್ಯಾಪಾರಿಯ ಕಿವಿಗೆ ಬಿತ್ತು. ಬೇಸಿಗೆಯಲ್ಲಿ ಹೋಗು, ಮೊಣಕಾಲುದ್ದ ನೀರಿರುತ್ತದೆ ಎಂದರು ಜನ. ನಡೆದು ದಾಟುವುದಾದರೆ ಅದೆಂಥ ನಡುಗಡ್ಡೆ ಎಂದುಕೊಂಡು ಅವನು ಹೊಳೆ ತುಂಬುವ ತನಕ ಕಾದು ಹೊರಟ. ದಾರಿಯಲ್ಲಿ ಹಳ್ಳಿಗಳು ಬಂದವು, ಹೋದವು. ಅವನ ಕಣ್ಣು ಹೊಳೆಯ ದಿಕ್ಕಿಗೇ ನೆಟ್ಟಿತ್ತು. ದಡಕ್ಕೆ ಬಂದವನೇ ಬಾಯಿಗೆ ಕೈ ಅಡ್ಡ ಹಿಡಿದು ಕೂಗು ಹಾಕಿದ.

ಅವನಿಗೆ ತಿಳಿಯದ ಸಂಗತಿಯೊಂದಿತ್ತು. ನಡುಗಡ್ಡೆಯವರೆಲ್ಲ ಒಂದೇ ಬೆಡಗಿನವರು, ಒಂದೇ ಮೂಲದ ಅಣ್ಣತಮ್ಮಂದಿರ ಕುಲ. ಬೆಡಗಿನೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಹೀಗಾಗಿ ಅಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲ ಈ ದಡದ ಊರುಗಳಿಗೆ ಸೊಸೆಯರಾಗಿ ಬರುತ್ತಿದ್ದರು. ಹೊಳೆ ತುಂಬಿದಾಗ ಸುಮ್ಮನೆ ಯಾರೂ ದಡದಲ್ಲಿ ನಿಂತು ಕೂಗುವುದಿಲ್ಲ. ಕೂಗಿದರೆ ಯಾರೋ ಒಬ್ಬಳ ಮಗಳ ಮನೆಯಿಂದ ಸುದ್ದಿ ಬಂದಿದೆ ಎಂದೇ ಅರ್ಥ. ಅದು ಹೆರಿಗೆಯ ಸುದ್ದಿ, ಇಲ್ಲವೇ ಸಾವಿನ ಸುದ್ದಿ.

ಕೂಗು ಕೇಳಿ ನಡುಗಡ್ಡೆಯ ತಾಯಂದಿರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದರು. ಇಬ್ಬರು ಗಂಡಸರು ಜೀವದ ಹಂಗು ತೊರೆದು ಸೆಳವಿಗೆ ಹರಿಗೋಲು ಇಳಿಸಿದರು. ಬೇಡವೆಂದರೂ ಕೇಳದೆ ಒಬ್ಬ ಮುದುಕಿ ಅದರಲ್ಲಿ ಹತ್ತಿ ಕುಳಿತಳು. ಹರಿಗೋಲು ಗಿರಗಿರ ತಿರುಗುತ್ತಾ ಹೇಗೋ ಈ ದಡ ಮುಟ್ಟಿತು.

“ಯಾರ ಮನಿ ಸುದ್ದಿ ತಂದೀಯಪ್ಪಾ?” ಎಂದಳು ಮುದುಕಿ.

ಯಾರ ಮನೆಯದೂ ಅಲ್ಲ, ನಿಮ್ಮ ಊರು ನೋಡಬೇಕೆಂದು ಬಂದೆ ಎಂದ ವ್ಯಾಪಾರಿ.

ಹುಟ್ಟು ಹಾಕಿ ಬಂದವರ ಮುಖ ಕೆಂಪಾಯಿತು. ಮುದುಕಿ ಸಿಟ್ಟಾಗಲಿಲ್ಲ. ದಾರಿಯಲ್ಲಿ ಹುಣಸೆಕಟ್ಟೆ ಎಂಬ ಊರು ಹಾದು ಬಂದೆಯಾ ಎಂದು ಕೇಳಿದಳು. ಹೌದು, ಅಲ್ಲಿ ಗುಡಿಯ ಕಟ್ಟೆಯ ಮೇಲೆ ಮಲಗಿದ್ದು ಎದ್ದು ಬಂದೆ ಎಂದ. ಗುಡಿಯ ಎದುರಿನ ಮನೆಯೇ ತನ್ನ ಮಗಳದು ಎಂದಳು ಮುದುಕಿ. ಹೊಳೆ ಈ ಸಲ ಬೇಗ ಬಂದು, ಹೆರಿಗೆಗೆ ತವರಿಗೆ ಕರೆತರಲಾಗಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತೇ, ಕೂಸಿನ ಅಳು ಕೇಳಿತೇ ಎಂದು ವಿಚಾರಿಸಿದಳು.

ವ್ಯಾಪಾರಿ ಎಷ್ಟು ನೆನಪಿಸಿಕೊಂಡರೂ ಆ ಬಾಗಿಲು ಕಣ್ಣ ಮುಂದೆ ಬರಲಿಲ್ಲ. ಎಲ್ಲರೂ ಹೋಗಿ ಬರುವ ದಾರಿಯ ಊರು, ಅಲ್ಲಿ ನೋಡುವುದೇನಿದೆ ಎಂದುಕೊಂಡಿದ್ದ.

“ಅಷ್ಟ್ ದೂರದಿಂದ ನಮ್ಮನ್ನ ನೋಡಾಕ ಬಂದಿ,” ಎಂದಳು ಮುದುಕಿ. “ದಾರ್ಯಾಗ ನನ್ನ ಮಗಳಿದ್ಲಲ್ಲೋ ಯಪ್ಪಾ.”

ವ್ಯಾಪಾರಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಗಂಡಸರು ಅವಸರ ಮಾಡಿದರು. ಬಂದ ಮೇಲೆ ಅತಿಥಿಯೇ, ಬರುವುದಾದರೆ ಹತ್ತು, ನೀರು ಏರುತ್ತಿದೆ, ಹೊಳೆ ಇಳಿಯುವ ತನಕ ಹರಿಗೋಲು ಮತ್ತೆ ಹಾಕುವುದಿಲ್ಲ ಎಂದರು. ಎಷ್ಟೋ ಕಾಲದಿಂದ ಬಯಸಿದ ಊರು ಎದುರಿಗೇ ಇತ್ತು. ಅವನು ಎತ್ತಿದ ಕಾಲನ್ನು ಮತ್ತೆ ದಡದ ಮೇಲೆಯೇ ಊರಿದ. ಮಗಳ ಸುದ್ದಿ ತರುತ್ತೇನೆ ಎಂದ. ಹರಿಗೋಲು ಬೇಡ, ಸಂಜೆ ಇದೇ ದಡದಲ್ಲಿ ಬೆಂಕಿ ಹಾಕುತ್ತೇನೆ, ತಾಯಿ ಸುಖವಾಗಿದ್ದರೆ ಒಂದು, ಕೂಸೂ ಸುಖವಾಗಿದ್ದರೆ ಎರಡು ಎಂದ. ಮುದುಕಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಮಗಳ ಹೆಸರು ಮಾಳವ್ವ ಎಂದು ಹೇಳಿ ಹೋದಳು.

ಮಳೆ ಹಿಡಿದಿತ್ತು, ದಾರಿಯ ಹಳ್ಳಗಳೆಲ್ಲ ತುಂಬಿದ್ದವು. ಹಿಂದೆ ದೂರದ ಊರಿಗೆ ಹಿಡಿದ ಹಟವನ್ನೇ ವ್ಯಾಪಾರಿ ಈಗ ಹತ್ತಿರದ ಊರಿಗೆ ಹಿಡಿದ. ಹುಣಸೆಕಟ್ಟೆಗೆ ಹೋದ. ಮಾಳವ್ವನ ಬಾಗಿಲಲ್ಲಿ ಕುಳಿತು ಅವಳನ್ನು ಮಾತಾಡಿಸಿದ, ಕೂಸಿನ ಮುಖ ನೋಡಿದ, ತಿರುಗಿ ಬಂದ. ಹಸಿ ಪುಳ್ಳೆಯೊಂದಿಗೆ ಗುದ್ದಾಡಿ, ಹೆಗಲ ಕಂಬಳಿಯನ್ನೇ ಗಾಳಿಗೆ ಮರೆ ಮಾಡಿ, ಎರಡು ಬೆಂಕಿ ಹೊತ್ತಿಸಿದ. ಆಚೆ ದಡದಲ್ಲಿ ಮುದುಕಿ ನೆಲಕ್ಕೆ ಹಣೆ ಹಚ್ಚಿದ್ದು ಕಂಡಿತು. ಅವನಿಗೂ ಅಳು ಬಂತು.

ಮುದುಕಿ ಮನೆಗೆ ಹೋದಳು. ಉಳಿದ ತಾಯಂದಿರು ಕದಲದೆ ನಿಂತೇ ಇದ್ದರು. ವ್ಯಾಪಾರಿ ಅವರನ್ನು ನೋಡಿದ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ನಡುಗಡ್ಡೆಯಿಂದ ಬಂದ ಸೊಸೆ ಯಾರ ಮನೆಯಲ್ಲಿದ್ದಾಳೆ ಎಂದು ಕೇಳುತ್ತಾ ಊರಿಂದ ಊರಿಗೆ ಹೊರಟ.

ಗುರುಗಳು ಕತೆ ನಿಲ್ಲಿಸಿದರು. ಹೊಳೆ ಇಳಿದ ಮೇಲಾದರೂ ಅವನು ನಡುಗಡ್ಡೆ ನೋಡಿದನೇ ಎಂದು ಶಿಷ್ಯ ಕೇಳಿದ. ನೋಡಿದ, ಅವನ ಆಸೆ ತಪ್ಪಾಗಿರಲಿಲ್ಲ, ನೀನೂ ಹೋಗಿ ಬಾ ಎಂದರು ಗುರುಗಳು. ಅಪ್ಪಣೆ ಸಿಕ್ಕಿತೆಂದು ಶಿಷ್ಯ ಎದ್ದು ಅವರ ಕಾಲಿಗೆರಗಿದ.

“ದಾಸೋಹದಲ್ಲಿ ನಿನಗೆ ದಿನವೂ ರೊಟ್ಟಿ ಬಡಿಸುವವನು ನೀನು ಹೊರಟ ಊರಿನವನೇ,” ಎಂದರು ಗುರುಗಳು, “ಅವನ ತಾಯಿ ಎದುರಾಗಿ ನನ್ನ ಮಗ ಹೇಗಿದ್ದಾನೆ ಎಂದರೆ ಏನು ಹೇಳುತ್ತೀ?”