ಟೇಲರ್ ಶೇಖಪ್ಪ ಮನೆಗೂ ಟ್ರಯಲ್ ನೋಡಿದ

ಹಾವೇರಿ ಸೀಮೆಯ ಒಂದು ಊರಿನಲ್ಲಿ ಶೇಖಪ್ಪ ಎಂಬ ಟೇಲರ್ ಇದ್ದ. ಅವನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮದುವೆಯ ಕೋಟಿರಲಿ, ಶಾಲೆಯ ಅಂಗಿಯಿರಲಿ, ಟ್ರಯಲ್ ನೋಡದೆ ಅವನು ಯಾವ ಬಟ್ಟೆಗೂ ಕೊನೆಯ ಹೊಲಿಗೆ ಹಾಕುತ್ತಿರಲಿಲ್ಲ. ಮೊದಲು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ. ಗಿರಾಕಿ ಅದನ್ನು ತೊಟ್ಟು, ಕೈ ಎತ್ತಿ, ಬಗ್ಗಿ, ಕೂತು, ಎದ್ದು ತೋರಿಸಬೇಕು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡಿ, ದಾರ ಬಿಚ್ಚಿ ಸರಿಮಾಡಿದ ಮೇಲೆಯೇ ಅವನು ಮಷಿನ್ನಿನ ಮುಂದೆ ಕೂರುತ್ತಿದ್ದ. ಅವಸರದ ಮದುಮಕ್ಕಳು ಗೊಣಗುತ್ತಿದ್ದರು, ಶೇಖಪ್ಪ ಜಗ್ಗುತ್ತಿರಲಿಲ್ಲ. ಅವನು ಹೊಲಿದ ಕೋಟು ತೊಟ್ಟು ಊಟಕ್ಕೆ ಕೂತವರ ಗುಂಡಿ ಕಿತ್ತು ಬಂದದ್ದು ಆ ಊರಿನ ಚರಿತ್ರೆಯಲ್ಲೇ ಇಲ್ಲ.

ಇಂಥ ಶೇಖಪ್ಪ ಸ್ವಂತ ಮನೆ ಕಟ್ಟಲು ಹೊರಟ.

ಹೊರಟಿದ್ದು ಅವನ ತಾಯಿ ನೀಲವ್ವನಿಗಾಗಿ. ಅವರಿದ್ದ ಬಾಡಿಗೆ ಮನೆಯಲ್ಲಿ ಬಚ್ಚಲು ಹಿತ್ತಿಲಿನಾಚೆ, ಕಲ್ಲಿನ ಮೆಟ್ಟಿಲಿಳಿದು ಹೋಗಬೇಕು. ಮುದುಕಿ ಒಮ್ಮೆ ಅಲ್ಲಿ ಬಿದ್ದು ಮೊಣಕಾಲು ಊದಿಸಿಕೊಂಡಳು. ಆಮೇಲೆ ಪ್ರತಿ ಸಲವೂ ಮಗನನ್ನೋ ಸೊಸೆಯನ್ನೋ ಕರೆಯಬೇಕಾಯಿತು. ಹಾಗೆ ಕರೆಯುವುದು ಅವಳಿಗೆ ಬಿದ್ದ ನೋವಿಗಿಂತ ಹೆಚ್ಚಿನ ನೋವು. ಅದಕ್ಕೆ ಅವಳೇ ಒಂದು ಉಪಾಯ ಮಾಡಿಕೊಂಡಳು. ಹೊತ್ತು ಇಳಿದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ರೊಟ್ಟಿ ಗಂಟಲಲ್ಲಿ ಸಿಕ್ಕಿದರೂ ಒಂದು ಗುಟುಕು, ಅಷ್ಟೇ. ಬೇಸಿಗೆಯಲ್ಲಿ ನಾಲಿಗೆ ಒಣಗಿದರೂ ಚೆಂಬಿನ ಕಡೆ ತಿರುಗಿ ನೋಡುತ್ತಿರಲಿಲ್ಲ. ಒಂದು ಸಂಜೆ ಇದು ಕಣ್ಣಿಗೆ ಬಿದ್ದಾಗ ಶೇಖಪ್ಪನ ಕರುಳು ಚುರ್ರೆಂದಿತು.

"ಅವ್ವಾ, ನೀ ಸಂಜಿ ಹೊತ್ತಿನ್ಯಾಗ ಚೆಂಬು ತುಂಬ ನೀರು ಕುಡಿಯೂವಂಥ ಮನಿ ಕಟ್ಟಸ್ತೀನಿ" ಎಂದು ಮಾತು ಕೊಟ್ಟ.

ಮಾತು ಕೊಟ್ಟಾಗ ಮನಸ್ಸು ಸ್ವಚ್ಛವಾಗಿಯೇ ಇತ್ತು. ಕೆಟ್ಟದ್ದು ಆಮೇಲೆ. ಹೆಂಡತಿಯ ಅಕ್ಕನ ಗಂಡ ಕೊಟ್ರೇಶ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದ. ಆ ಮನೆಯ ಹಾಲ್ ನೋಡಿ ಶೇಖಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಎತ್ತರದ ಸೂರು, ಕಣ್ಣು ಕುಕ್ಕುವ ದೀಪಗಳು, ಇಡೀ ಓಣಿಯ ಜನ ಒಟ್ಟಿಗೆ ಕೂತರೂ ಮಿಗುವಷ್ಟು ಜಾಗ. ಬಂದವರೆಲ್ಲ ಕೊಟ್ರೇಶನ ಬೆನ್ನು ತಟ್ಟುತ್ತಿದ್ದರು. ಷಡ್ಡಕನ ಬೆನ್ನಿಗೆ ಬೀಳುವ ಹೊಗಳಿಕೆ ತನ್ನ ಬೆನ್ನಿಗೂ ಬೀಳಬೇಕು ಎನ್ನಿಸಿತು ಶೇಖಪ್ಪನಿಗೆ. ಯಾರಿಗಾದರೂ ಅನ್ನಿಸುತ್ತದೆ ಬಿಡಿ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಆ ಮನೆಯ ನಕ್ಷೆಯನ್ನೇ ಕೇಳಿ ತಂದು ಝೆರಾಕ್ಸ್ ಮಾಡಿಸಿದ. ತಾನು ಕೊಂಡಿಟ್ಟಿದ್ದ ನಿವೇಶನದ ಅಳತೆಯೂ ಕೊಟ್ರೇಶನದೂ ಒಂದೇ ಆಗಿದ್ದರಿಂದ ಬೇರೇನೂ ಯೋಚಿಸಬೇಕೆಂದು ಅವನಿಗೆ ತೋಚಲೇ ಇಲ್ಲ.

ಮೇಸ್ತ್ರಿ ದಾವಲಸಾಬ ಆ ನಕ್ಷೆ ಹಿಡಿದು ನಿವೇಶನದ ಮೇಲೆ ದಾರ ಕಟ್ಟಿ ಸುಣ್ಣದ ಗೆರೆ ಎಳೆದ. ಸೋಮವಾರ ಪಾಯದ ಪೂಜೆ ಎಂದು ನಿಶ್ಚಯವಾಯಿತು.

ಅದಕ್ಕೆ ಮುಂಚಿನ ಶನಿವಾರ ಅಂಗಡಿಗೆ ಒಬ್ಬ ಹುಡುಗ ಕೋಟು ಹೊಲಿಸಲು ಬಂದ. ಅವನು ಅವಸರದ ಗಿರಾಕಿ.

"ನಮ್ಮಣ್ಣನ ಕೋಟು ನೀವ ಹೊಲದೀರಿ. ಅದ ಅಳತಿಗೆ ನಂದೂ ಹೊಲದು ಕೊಡ್ರಿ. ಇಬ್ಬರೂ ಒಂದ ಎತ್ತರ ಅದೀವಿ."

ಶೇಖಪ್ಪನ ಪಿತ್ತ ನೆತ್ತಿಗೇರಿತು. "ಎತ್ತರ ಒಂದಾದ್ರ ಆತೇನೋ? ನಿಮ್ಮಣ್ಣ ಕುಂತು ಬರಿಯಾಂವ, ನೀ ಚೀಲ ಹೊರಾಂವ. ಅವನ ಅಳತಿ ಕೋಟಿನಾಗ ನೀ ಕೈ ಎತ್ತಿದ್ರ ಬಗಲು ಹರೀತೈತಿ. ತೊಡಾಂವ ನೀ, ಅಳತಿ ಮಾತ್ರ ಅಂವಂದು. ಯಾವ ಊರಿನ ನ್ಯಾಯ ಇದು?"

ಊಟದ ಡಬ್ಬಿ ತಂದಿದ್ದ ಅವನ ಹೆಂಡತಿ ಸಾವಂತ್ರೆವ್ವ ಬಾಗಿಲಲ್ಲೇ ನಿಂತು ಇದೆಲ್ಲ ಕೇಳಿಸಿಕೊಂಡಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದಳು.

"ಹಂಗಾರ ಕೊಟ್ರೇಶ ಮಾಮಾರ ಅಳತಿ ಮನಿ ನಮಗ ಹೆಂಗ ಆಕ್ಕೈತ್ರಿ?"

ಹುಡುಗ ಕಿಸಕ್ಕನೆ ನಕ್ಕ. ಶೇಖಪ್ಪ ಕತ್ತರಿ ಕೆಳಗಿಟ್ಟ. "ಏ, ಮನಿ ಏನ್ ಕೋಟೇನ? ತೊಟ್ಟು ನೋಡಾಕ ಬರ್ತೈತೇನು?"

"ಯಾಕ ಬರಂಗಿಲ್ಲ? ದಾವಲಸಾಬಣ್ಣ ಸುಣ್ಣದ ಗೆರಿ ಎಳದಾನಲ್ರಿ, ಅದ ಕಚ್ಚಾ ಹೊಲಿಗಿ. ನಾಳೆ ಆದಿತ್ಯವಾರ. ಅತ್ತೀನ್ನ ಕರಕೊಂಡು ಹೋಗಿ ಅದರಾಗ ಒಂದಿನ ಬಾಳೇವು ಮಾಡೂಣು. ಊರ ಮಂದಿ ಅಂಗಿಗೆಲ್ಲಾ ಟ್ರಯಲ್ ನೋಡ್ತೀರಿ. ಜಲ್ಮಕ್ಕ ಒಂದ ಸಲ ಕಟ್ಟೂ ಮನಿಗೆ ಟ್ರಯಲ್ ಬ್ಯಾಡೇನ್ರಿ?"

ಬೇರೆ ಯಾರ ಮಾತಾಗಿದ್ದರೂ ಶೇಖಪ್ಪ ತಳ್ಳಿಹಾಕುತ್ತಿದ್ದ. ಇದು ಅವನದೇ ಮಾತು, ಅವನ ಕಡೆಗೇ ತಿರುಗಿ ಬಂದಿತ್ತು. ಮುಖ ಗಂಟು ಹಾಕಿಕೊಂಡೇ ಒಪ್ಪಿದ.

ಮರುದಿನ ಬೆಳಿಗ್ಗೆ ಮೂವರೂ ಸಂಸಾರ ಹೊತ್ತುಕೊಂಡು ನಿವೇಶನಕ್ಕೆ ಬಂದರು. ನೀಲವ್ವ ಮಲಗುವ ಹಗ್ಗದ ಹೊರಸು, ಸೀಮೆಎಣ್ಣೆ ಸ್ಟೋವ್, ಚಹದ ಪಾತ್ರೆ, ನೀರಿನ ಕೊಡ. ಮಂಚ, ಕಪಾಟು, ಸೋಫಾ ಹೊರುವುದು ಸಾಧ್ಯವಿರಲಿಲ್ಲ. ಅದಕ್ಕೆ ಶೇಖಪ್ಪ ಕೋಟಿನ ಒಳಪದರಕ್ಕೆ ಹಾಕುವ ಹಳೆಯ ಅಸ್ತರಿ ಬಟ್ಟೆಯನ್ನು ಒಂದೊಂದರ ಅಳತೆಗೂ ಕತ್ತರಿಸಿ ತಂದಿದ್ದ. ಅರೆಮನಸ್ಸಿನ ಕೆಲಸವಾದರೂ ಅಳತೆಯಲ್ಲಿ ಅವನು ತಪ್ಪುವವನಲ್ಲ. ಆ ಬಟ್ಟೆಗಳನ್ನು ನೆಲದ ಮೇಲೆ ಹಾಸಿ, ಹಾರದಂತೆ ಕಲ್ಲಿಟ್ಟರು. ಸಾವಂತ್ರೆವ್ವ ಒಂದೇ ಕಟ್ಟಳೆ ಹಾಕಿದಳು: ಬಾಗಿಲು ಬಿಟ್ಟು ಬೇರೆಲ್ಲೂ ಗೆರೆ ದಾಟಬಾರದು, ಅದು ಗೋಡೆ.

ದಾರಿಯಲ್ಲಿ ಹೋಗುವವರಿಗೆ ಪುಕ್ಕಟೆ ನಾಟಕ. ಒಬ್ಬ ಸೈಕಲ್ ನಿಲ್ಲಿಸಿ ಕೂಗಿದ, "ಶೇಖಪ್ಪಣ್ಣಾ, ಕದಾ ಬಡೀಲೇನು?"

"ಚಪ್ಪಲಿ ಹೊರಗ ಬಿಟ್ಟು ಬಾರಪಾ" ಎಂದ ಶೇಖಪ್ಪ. ಹೇಳಿದ್ದು ಗತ್ತಿನಿಂದಲೇ, ಆದರೆ ಕಿವಿ ಕೆಂಪಾಗಿತ್ತು.

ಸ್ವಲ್ಪ ಹೊತ್ತಿನಲ್ಲೇ ಮನೆ ತನ್ನ ಹುಳುಕು ತೋರಿಸತೊಡಗಿತು. ಸಾವಂತ್ರೆವ್ವ ಮಲಗುವ ಕೋಣೆಯ ಕದದಷ್ಟು ಉದ್ದದ ಕೋಲು ಹಿಡಿದು ತಿರುಗಿಸಿದಳು. ಕದ ಅರ್ಧ ತೆರೆಯುವಷ್ಟರಲ್ಲಿ ಕಪಾಟಿಗೆ ಬಡಿಯಿತು. ಮಧ್ಯಾಹ್ನ ಕಳೆದ ಮೇಲೆ ಅಡುಗೆಮನೆಯಲ್ಲಿ ಚಹಕ್ಕಿಟ್ಟಳು. ಇಳಿಬಿಸಿಲು ನೆಟ್ಟಗೆ ಅವಳ ಕಣ್ಣಿಗೆ ಹೊಡೆಯಿತು. ಕೊಟ್ರೇಶನ ಮನೆ ಮೂಡಣಕ್ಕೆ ಮುಖ ಮಾಡಿತ್ತು, ಶೇಖಪ್ಪನ ಜಾಗ ಪಡುವಣಕ್ಕೆ. ಅಲ್ಲಿ ಎಳೆಬಿಸಿಲು ಬೀಳುವ ಅಡುಗೆಮನೆ ಇಲ್ಲಿ ಕಾದ ಹೆಂಚಾಗಿತ್ತು. "ನಿಮ್ಮ ಮಾಮಾರ ಮನಿಯಾಗ ಹಿಂಗ ಇರಲಿಲ್ಲಲ್ಲ" ಎಂದು ಶೇಖಪ್ಪ ಗೊಣಗಿದ. ಸಾವಂತ್ರೆವ್ವ ಬೆವರೊರೆಸಿಕೊಂಡು ಚಹ ಸೋಸಿದಳು.

ಇಷ್ಟಾದರೂ ಅವನ ಕಣ್ಣು ಆ ದೊಡ್ಡ ಹಾಲ್‌ನ ಮೇಲೇ ಇತ್ತು. ಕದವನ್ನು ತಿರುಗಿಸಿ ಕೂರಿಸಿದರಾಯಿತು, ಕಿಟಕಿಗೆ ಪರದೆ ಕಟ್ಟಿದರಾಯಿತು ಎಂದು ಸಮಾಧಾನ ಮಾಡಿಕೊಂಡ. ಹೊತ್ತು ಇಳಿಯುತ್ತಿತ್ತು.

ಆಗ ನೀಲವ್ವ ಎದ್ದಳು. "ನಾ ಒಮ್ಮೆ ಬಚ್ಚಲಕ ಹೋಗಿ ನೋಡ್ತೀನಿ ತಡೀರಿ" ಎಂದಳು. ಅವಳ ಕೋಣೆ ಮನೆಯ ಮುಂಭಾಗದಲ್ಲಿತ್ತು, ಕೊಟ್ರೇಶ ಅದನ್ನು ಬಂದುಹೋಗುವ ನೆಂಟರಿಗೆಂದು ಕಟ್ಟಿಸಿದ್ದ. ಬಚ್ಚಲು ಹಿಂದಿನ ತುದಿಯಲ್ಲಿ. ಮುದುಕಿ ಕೋಲೂರಿಕೊಂಡು ಕೋಣೆಯ ಬಾಗಿಲು ದಾಟಿದಳು, ಸೋಫಾದ ಬಟ್ಟೆಯನ್ನು ಬಳಸಿದಳು, ಹಾಲ್‌ನ ನಡುವಿಗೆ ಬಂದಳು. ಹಿಡಿದುಕೊಳ್ಳಲು ಗೋಡೆಯಿಲ್ಲ, ಎಲ್ಲ ಕಡೆಯೂ ಬಯಲು. ಕಾಲು ನಡುಗಿತು. ಅಲ್ಲೇ ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟಳು.

ಶೇಖಪ್ಪ ಓಡಿ ಬಂದ. ಅವಳು ಮಗನ ಮುಖ ನೋಡಿ ನಕ್ಕಳು. "ಶೇಖಾ, ನಿನ್ನ ಹಾಲ್ ಭಾಳ ಚಂದ ಐತಪಾ. ನನಗ ದಾಟಾಕ ಆಗಂಗಿಲ್ಲ, ಅಷ್ಟ."

ಸಾವಂತ್ರೆವ್ವ ಚೆಂಬಿನಲ್ಲಿ ನೀರು ತಂದುಕೊಟ್ಟಳು. ನೀಲವ್ವ ತುಟಿ ಒದ್ದೆ ಮಾಡಿಕೊಂಡು ಚೆಂಬನ್ನು ಕೆಳಗಿಟ್ಟಳು. "ಸಾಕವ್ವಾ, ಸಂಜಿ ಆತು" ಎಂದಳು.

ಶೇಖಪ್ಪ ಆ ಚೆಂಬನ್ನೇ ನೋಡುತ್ತ ನಿಂತ. ನೀರು ಹಾಗೆಯೇ ಇತ್ತು. ಯಾವ ಸಂಕಟ ತಪ್ಪಿಸಲು ಮನೆ ಕಟ್ಟಹೊರಟಿದ್ದನೋ ಅದೇ ಸಂಕಟವನ್ನು ಹೊಸ ಮನೆಯೊಳಗೂ ಕಟ್ಟಿಬಿಡುತ್ತಿದ್ದ. ಅವ್ವನಿಗೆ ಕೊಟ್ಟ ಮಾತನ್ನೇ ಮರೆತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಕಣ್ಣು ತುಂಬಿ ಬಂತು. ಮರುಕ್ಷಣವೇ ಪಕ್ಕದ ಮನೆಯವರಿಂದ ಕಸಬರಿಗೆ ಇಸಿದುಕೊಂಡು ಬಂದು ಹಾಲ್‌ನ ಗೆರೆಗಳನ್ನು ಬರಬರನೆ ಗುಡಿಸತೊಡಗಿದ.

ಸೋಮವಾರದ ಪೂಜೆಗೆ ಜಾಗ ನೋಡಲು ಬಂದಿದ್ದ ದಾವಲಸಾಬ ಗಾಬರಿಯಾದ. "ಟೇಲರ್ ಸಾಹೇಬ್ರ, ಏನ್ ಮಾಡಾಕ ಹತ್ತೀರಿ? ನನ್ನ ಗೆರಿ!"

"ದಾವಲಸಾಬ, ಗೆರಿ ಅಳಸಾಕ ಕಸಬರಿಗಿ ಸಾಕು. ಗ್ವಾಡಿ ಅಳಸಬೇಕಂದ್ರ?"

"ನನ್ನ ಕರೀಬೇಕು" ಎಂದ ದಾವಲಸಾಬ. ಕಟ್ಟಿದ ಗೋಡೆಯನ್ನು ಒಡೆದು ಮತ್ತೆ ಕಟ್ಟಿದ ಎಷ್ಟೋ ಮನೆಗಳು ನೆನಪಾಗಿ ಅವನಿಗೂ ನಗು ಬಂತು. ಸುಣ್ಣದ ಬುಟ್ಟಿ ಎತ್ತಿಕೊಂಡು ಅವನೂ ಗೆರೆಯೊಳಗೆ ಬಂದ, ಬಾಗಿಲಿನಿಂದಲೇ.

ಹಾಲ್ ಅರ್ಧಕ್ಕಿಳಿಯಿತು. ಅಡುಗೆಮನೆ ಮೂಡಣಕ್ಕೆ ಹೋಯಿತು. ನೀಲವ್ವನ ಕೋಣೆಗೇ ಬಚ್ಚಲು ಅಂಟಿಕೊಂಡಿತು. ಅದರ ಕದ ಹೊರಗೆ ತೆರೆಯಬೇಕು, ಒಳಗೆ ಯಾರಾದರೂ ಬಿದ್ದರೆ ಅಡ್ಡವಾಗಬಾರದು. ಹೊಸ್ತಿಲು ಬೇಡ, ಗೋಡೆಗೆ ಹಿಡಿಕೆ ಬೇಕು. ಮುದುಕಿಯನ್ನು ಮತ್ತೆ ಮತ್ತೆ ನಡೆಸಿ, ಅವಳು ಸರಿ ಎಂದ ಮೇಲೆಯೇ ಆ ಗೆರೆಗೆ ಸುಣ್ಣ ಬಿತ್ತು.

ಅಷ್ಟರಲ್ಲಿ ಕೊಟ್ರೇಶ ಬೈಕ್ ಮೇಲೆ ಬಂದಿಳಿದ. ಹೊಸ ಗೆರೆ ನೋಡಿ ಮೂಗು ಮುರಿದ. "ಇದೇನ್ ತಮ್ಮಾ, ಹಾಲೋ ಗೂಡೋ? ನಾಕು ಮಂದಿ ಬಂದ್ರ ಎಲ್ಲಿ ಕುಂದರಸ್ತಿ? ಮಂದಿ ಏನಂದಾರು?"

ಆ ಎತ್ತರದ ಸೂರು, ಆ ದೀಪ, ಬೆನ್ನು ತಟ್ಟುವ ಕೈಗಳು ಶೇಖಪ್ಪನ ಕಣ್ಣ ಮುಂದೆ ಹಾದುಹೋದವು. ತಿರುಗಿ ನೋಡಿದರೆ ನೀಲವ್ವ ತನ್ನ ಸುಣ್ಣದ ಕೋಣೆಯಲ್ಲಿ ಹೊರಸಿನ ಮೇಲೆ ರಾಣಿಯ ಹಾಗೆ ಕೂತಿದ್ದಳು.

"ಅಣ್ಣಾ, ಮಂದಿ ಹಬ್ಬಕ್ಕೊಮ್ಮೆ ಬರ್ತಾರ, ಉಂಡು ಹೋಗ್ತಾರ. ನಮ್ಮವ್ವ ದಿನಾ ನಡೀತಾಳ. ಈ ಮನಿ ಅಕಿ ಅಳತಿಗೆ ಹೊಲಿಯಾಕ ಹತ್ತೀನಿ" ಎಂದ.

ಸೋಮವಾರ ಪೂಜೆಯಾಯಿತು. ಹೊಸ ಗೆರೆಯ ಪ್ರಕಾರ ಎಂಜಿನಿಯರ್ ಹತ್ತಿರ ಹೊಸ ನಕ್ಷೆ ಬರೆಸಿ, ಒಪ್ಪಿಗೆ ಪಡೆದು, ಆಮೇಲೆ ಪಾಯ ತೋಡಿಸಿದ. ಗೋಡೆ ಏಳತೊಡಗಿದಂತೆ ಸಲಹೆ ಕೊಡುವವರೂ ಎದ್ದರು. ಇಲ್ಲೊಂದು ಕಮಾನು ಬಿಡು, ಅಲ್ಲೊಂದು ಕಿಟಕಿ ಮುಚ್ಚು. ಶೇಖಪ್ಪನದು ಎಲ್ಲರಿಗೂ ಒಂದೇ ಉತ್ತರ: "ಟ್ರಯಲ್ ಮುಗದೈತ್ರಿ, ಇನ್ನ ಮಷಿನ್ ಹೊಲಿಗಿ." ಹೊಸ್ತಿಲಿಲ್ಲದ ಬಾಗಿಲು ಶುಭವಲ್ಲ ಎಂದವರಿಗೆ ಸಾವಂತ್ರೆವ್ವ ಮುಂಬಾಗಿಲು ತೋರಿಸಿದಳು. "ಅಲ್ಲಿ ಐತಲ್ರಿ, ಬೇಕಾದಷ್ಟು ಅರಿಷಿಣ ಕುಂಕುಮ ಹಚ್ರಿ." ಕಟ್ಟಿದ ಒಂದು ಗೋಡೆಯನ್ನೂ ಒಡೆಯದೆ ಮನೆ ಮುಗಿಯಿತು. ತನ್ನ ಜೀವಮಾನದಲ್ಲಿ ಇಂಥದ್ದು ಇದೇ ಮೊದಲು ಎಂದು ದಾವಲಸಾಬ ಕಂಡಕಂಡವರಿಗೆ ಹೇಳಿದ.

ಗೃಹಪ್ರವೇಶದ ದಿನ ಹಾಲ್ ತುಂಬಿ, ಜನ ಕಟ್ಟೆಯ ಮೇಲೂ ಅಂಗಳದಲ್ಲೂ ಕೂತು ಉಂಡರು. ಹಾಲ್ ಸಣ್ಣದಾಯಿತೆಂದು ಯಾರ ಹೋಳಿಗೆಯೂ ಕಡಿಮೆಯಾಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನೀಲವ್ವ ಸೊಸೆಯನ್ನು ಕರೆದಳು.

"ಸಾವಂತ್ರೀ, ಒಂದ್ ಚೆಂಬು ನೀರು ಕೊಡವಾ. ತುಂಬ ಕೊಡು."

ನೆಂಟರಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಶೇಖಪ್ಪ ಮಾತ್ರ ಎಲೆ ಎತ್ತುವುದನ್ನು ಬಿಟ್ಟು ನಿಂತ. ಮುದುಕಿ ಚೆಂಬನ್ನು ಎತ್ತಿದಳು. ಗಟಗಟ ಕುಡಿದಳು. ಕತ್ತಿನ ಮೇಲೆಲ್ಲ ನೀರು ಸುರಿಯುತ್ತಿದ್ದರೂ ನಿಲ್ಲಿಸಲಿಲ್ಲ. ಖಾಲಿ ಚೆಂಬನ್ನು ಕೆಳಗಿಟ್ಟು "ಇನ್ನೊಂದು" ಎಂದಳು. ಶೇಖಪ್ಪ ಅತ್ತನೋ ನಕ್ಕನೋ ಅವನಿಗೇ ತಿಳಿಯಲಿಲ್ಲ.

ಇದನ್ನೆಲ್ಲ ನೋಡುತ್ತಿದ್ದ ಕೊಟ್ರೇಶ ಷಡ್ಡಕನನ್ನು ಪಕ್ಕಕ್ಕೆ ಕರೆದ. ತಗ್ಗಿದ ದನಿಯಲ್ಲಿ ಹೇಳಿದ, "ತಮ್ಮಾ, ನಮ್ಮನ್ಯಾಗ ಮಹಡಿ ಎಬ್ಬಸಬೇಕಂತ ಮಾಡೇನಿ. ಆ ನಿನ್ನ ಅಸ್ತರಿ ಬಟ್ಟಿ ತಗೊಂಡು ಒಮ್ಮೆ ಬರ್ತಿಯೇನು?"

"ಬರ್ತೀನಣ್ಣಾ. ಆದ್ರ ಟ್ರಯಲ್ ಇಲ್ದ ಹೊಲಿಯಂಗಿಲ್ಲ" ಎಂದ ಶೇಖಪ್ಪ.

ಅಷ್ಟರಲ್ಲಿ ನೀಲವ್ವ ತನ್ನ ಕೋಣೆಯ ಬಚ್ಚಲಿನಿಂದ ಹೊರಗೆ ಬಂದಳು. ಎದೆ ಸೆಟೆಸಿಕೊಂಡು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಶೇಖಾ, ಯಾರನ್ನೂ ಕರೀಲಿಲ್ಲ ನೋಡು!"

ನೀತಿ: ಮನೆ ಕಟ್ಟುವವರೇ, ಇನ್ನೊಬ್ಬರ ಮನೆಯ ನಕ್ಷೆ ನಿಮ್ಮ ಬಾಳಿಗೆ ಹೊಂದುವುದಿಲ್ಲ. ಪಾಯ ತೋಡುವ ಮೊದಲು ನೆಲದ ಮೇಲೆ ಗೆರೆ ಎಳೆದು, ಮನೆಮಂದಿಯೆಲ್ಲ ಅದರೊಳಗೆ ಒಂದು ದಿನ ನಡೆದಾಡಿ ನೋಡಿ, ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮೊದಲು ನಡೆಸಿ. ತಪ್ಪನ್ನು ಸುಣ್ಣದಲ್ಲೇ ಅಳಿಸಿ, ಗೋಡೆಯಾಗಲು ಬಿಡಬೇಡಿ. ನೋಡಿ ಹೋಗುವವರ ಹೊಗಳಿಕೆಗಾಗಿ ಕಟ್ಟದೆ, ಒಳಗೆ ಬಾಳುವವರ ಅಳತೆಗೆ ಕಟ್ಟಿದ್ದೇ ಸ್ವಂತ ಮನೆ.